ಡಬ್ಬದಮ್ಮನ ಗಂಟಲು

ಆ ಶಾಲೆಯಲ್ಲಿ ಓದಿದ ಯಾರನ್ನಾದರೂ ನಿಲ್ಲಿಸಿ ಡಬ್ಬದಮ್ಮ ಗೊತ್ತೇ ಎಂದು ಕೇಳಿ, ಮುಖ ಅರಳಿಸಿಕೊಂಡು ಹೂಂ ಎನ್ನುತ್ತಾರೆ. ನೋಡಿದ್ದೀರಾ ಎಂದು ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ. ಡಬ್ಬದಮ್ಮ ಎಂಬಾಕೆ ತನ್ನ ನೌಕರಿಯನ್ನೆಲ್ಲ ಆಫೀಸಿನ ಹಿಂದಿನ ಒಂದು ಗೂಡಿನಲ್ಲಿ ಕಳೆದವಳು. ಒಂದು ಮೇಜು, ಒಂದು ಕುರ್ಚಿ, ಒಂದು ಮೈಕು ಇಟ್ಟರೆ ಆ ಗೂಡು ತುಂಬಿತು. ಬಾಗಿಲಿಗೆ ಮಬ್ಬು ಗಾಜು. ಒಳಗೆ ಯಾರೋ ಇದ್ದಾರೆ ಎಂಬುದಷ್ಟೇ ಹೊರಗಿನವರಿಗೆ ತಿಳಿಯುತ್ತಿತ್ತು.

ಅವಳ ಕಥೆ ಹೇಳಬೇಕಾದರೆ ಶಾಲೆಯ ಕಥೆಯನ್ನೂ ಒಂದಿಷ್ಟು ಹೇಳಲೇಬೇಕು. ಸಾಮಾನ್ಯವಾಗಿ ಶಾಲೆಗಳು ಮೇಲಕ್ಕೆ ಬೆಳೆಯುತ್ತವೆ. ಒಂದನೇ ತರಗತಿಯಿಂದ ಶುರು ಹಚ್ಚಿಕೊಂಡು ಏದುಸಿರು ಬಿಡುತ್ತ ಹೈಸ್ಕೂಲು ಮುಟ್ಟುತ್ತವೆ. ಇದು ಕೆಳಕ್ಕೆ ಬೆಳೆದ ಶಾಲೆ. ಸ್ಥಾಪಕ ಮದರ್ ಒಂದು ಟ್ರಂಕು, ಇಬ್ಬರು ಸಿಸ್ಟರುಗಳು ಮತ್ತು ಯಾರ ಮಾತಿಗೂ ಜಗ್ಗದ ಹಟ, ಇಷ್ಟನ್ನು ಕಟ್ಟಿಕೊಂಡು ಬಂದಿಳಿದಾಗ ಇಲ್ಲಿದ್ದದ್ದು ಒಂದು ಚರ್ಚು, ಒಂದು ರೈಲು ಸ್ಟೇಷನ್ನು, ಎರಡರ ನಡುವೆ ಬಯಲು. ಓದು ಬಿಟ್ಟು ಮನೆಯಲ್ಲಿ ಕೂತಿದ್ದ ದೊಡ್ಡ ಹುಡುಗಿಯರನ್ನು ಹುಡುಕಿ ತಂದು, ಚರ್ಚಿನ ಪಕ್ಕದ ಗೋದಾಮಿನಲ್ಲಿ ಹಲಗೆ ಅಡ್ಡ ನಿಲ್ಲಿಸಿ, ಹೈಸ್ಕೂಲು ತೆರೆದೇಬಿಟ್ಟರು. ಗಣಿತದ ಪಾಠ ಮಾಡುವ ಸಿಸ್ಟರ್ ಸ್ವಲ್ಪ ಜೋರಾಗಿ ಮಾತಾಡಿದರೆ ಹಲಗೆಯ ಆಚೆಯ ಇತಿಹಾಸದ ತರಗತಿಯವರು ಉತ್ತರ ಹೇಳುತ್ತಿದ್ದರಂತೆ.

ಆಮೇಲೆ ಕಾರ್ಖಾನೆಗಳು ಬಂದವು, ಕಾರ್ಖಾನೆಯವರ ಮನೆಗಳು ಬಂದವು. ಹುಡುಗಿಯರ ಅಣ್ಣತಮ್ಮಂದಿರು ನಮಗೇನು ಕಮ್ಮಿ ಎಂದು ಗೇಟಿನ ಮುಂದೆ ನಿಂತರು. ಹುಡುಗರು ಒಳಗೆ ಬಂದ ಮೇಲೆ ಅವರನ್ನು ಹದ್ದುಬಸ್ತಿನಲ್ಲಿಡಲು ಬಿಷಪ್ಪರು ಒಬ್ಬ ಫಾದರನ್ನು ಪ್ರಿನ್ಸಿಪಾಲರಾಗಿ ಕಳಿಸಿದರು. ಹಳೆ ವಿದ್ಯಾರ್ಥಿನಿಯರು ಮದುವೆಯಾಗಿ, ಮಕ್ಕಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು, "ಇವನನ್ನ ಬೇರೆ ಕಡೆ ಹಾಕಲ್ಲ, ಏನಾದ್ರೂ ಮಾಡಿ" ಎಂದು ಪಟ್ಟು ಹಿಡಿದರು. ಹೀಗೆ ಏಳನೇ ತರಗತಿ ಬಂತು, ಆರನೆಯದು ಬಂತು, ಒಂದೊಂದೇ ಮೆಟ್ಟಿಲು ಇಳಿಯುತ್ತ ಶಾಲೆ ಕೊನೆಗೆ ಮೂಗು ಒರೆಸಿಕೊಳ್ಳಲೂ ಬಾರದ ಶಿಶುವಿಹಾರದ ಮಕ್ಕಳ ತನಕ ಬಂದು ನಿಂತಿತು.

ಊರು ಬೆಳೆದಂತೆ ಗದ್ದಲವೂ ಬೆಳೆಯಿತು. ಕಾಂಪೌಂಡಿನ ಪಕ್ಕದ ರಸ್ತೆ ಅಗಲವಾಯಿತು, ಅದರ ಮೇಲೊಂದು ಮೇಲ್ಸೇತುವೆ ಎದ್ದಿತು. ಜಗುಲಿಯಲ್ಲಿ ಬಾರಿಸುತ್ತಿದ್ದ ಹಿತ್ತಾಳೆ ಗಂಟೆ ಹೊಸ ಕಟ್ಟಡದ ಮೇಲಿನ ಮಹಡಿಗೆ ಕೇಳಿಸದಾಯಿತು. ಅಲ್ಲಿನ ಮಕ್ಕಳು ಹಸಿವಾದಾಗ ಊಟದ ಬಿಡುವು, ಬೇಜಾರಾದಾಗ ಮನೆಗೆ ಬಿಡುವ ಹೊತ್ತು ಎಂದು ತಾವೇ ತೀರ್ಮಾನ ಮಾಡತೊಡಗಿದರು. ಆಗಿನ ಫಾದರ್ ಪ್ರತಿ ಕೋಣೆಗೂ ಒಂದು ಸ್ಪೀಕರ್ ಡಬ್ಬ ಹಾಕಿಸಿದರು. ಪ್ರತಿ ಕೋಣೆಯ ಗೋಡೆಯ ಮೇಲೂ ಸ್ಥಾಪಕ ಮದರ್ ಅವರ ಫೋಟೋ ಮೊದಲಿನಿಂದಲೂ ಇತ್ತು. ಡಬ್ಬ ಹಾಕಲು ಬಂದ ಎಲೆಕ್ಟ್ರಿಷಿಯನ್ ಮೈಗಳ್ಳ. ಗೋಡೆಗೆ ಹೊಸ ತೂತು ಯಾರು ಕೊರೆಯುತ್ತಾರೆ ಎಂದುಕೊಂಡು, ಫೋಟೋ ತೂಗುಹಾಕಿದ್ದ ಹಲಗೆಗೇ, ಮದರ್ ತಲೆಯ ಮೇಲೆ ಸರಿಯಾಗಿ, ಡಬ್ಬಗಳನ್ನು ಬಿಗಿದು ಹೊರಟುಹೋದ.

ಮೈಕಿನಲ್ಲಿ ಮಾತಾಡುವವರು ಯಾರು ಎಂಬ ಪ್ರಶ್ನೆ ಬಂತು. ಡ್ರಿಲ್ ಮಾಸ್ತರರು ಒಮ್ಮೆ "ಹಲೋ" ಅಂದರು, ಎರಡನೇ ಮಹಡಿಯ ಚಿಕ್ಕ ಮಕ್ಕಳು ಬೆಂಚಿನ ಕೆಳಗೆ ನುಸುಳಿದರು. ಹಿರಿಯ ಸಿಸ್ಟರ್ ಪೂರ್ತಿ ಒಂದು ಪ್ರಾರ್ಥನೆ ಹೇಳಿ ಮುಗಿಸಿದರು, ಡಬ್ಬ ಇನ್ನೂ ಶುರುವಾಗಿಲ್ಲ ಎಂದೇ ಎಲ್ಲರೂ ಕಾಯುತ್ತಿದ್ದರು. ಅಷ್ಟು ಹೊತ್ತಿಗೆ ಹೊಸದಾಗಿ ಸೇರಿದ್ದ ಟೈಪಿಸ್ಟ್ ಹುಡುಗಿ ಫಾದರ್ ಸಹಿಗೆಂದು ಕಾಗದ ಹಿಡಿದು ಬಂದಳು. ಅವಳೂ ಇದೇ ಶಾಲೆಯಲ್ಲಿ ಓದಿದವಳೇ.

"ನೀನೊಂದು ಮಾತು ಹೇಳಮ್ಮ" ಎಂದರು ಫಾದರ್.

"ಏನು ಹೇಳ್ಲಿ ಫಾದರ್?"

ಆ ಒಂದು ಪ್ರಶ್ನೆ ಎಲ್ಲ ಡಬ್ಬಗಳಿಂದಲೂ ಹೊರಬಿತ್ತು, ಮತ್ತು ಶಾಲೆಗೆ ಶಾಲೆಯೇ ತೆಪ್ಪಗಾಯಿತು. ಅವಳ ದನಿ ದೊಡ್ಡದಲ್ಲ, ಹಾಡುವವರ ದನಿಯಂತೆ ನಾಜೂಕಿನದೂ ಅಲ್ಲ. ಕೇಳಿದವರಿಗೆ ತಮ್ಮೊಬ್ಬರಿಗೇ ಹೇಳುತ್ತಿದ್ದಾಳೆ ಅನ್ನಿಸುವ ದನಿ. ಅವತ್ತಿಗೆ ಅವಳ ಟೈಪಿಂಗು ಅರ್ಧಕ್ಕೆ ನಿಂತಿತು. ಸಿಬ್ಬಂದಿಯೆಲ್ಲ ಅವಳನ್ನು ಮೈಕಕ್ಕ ಎಂದು ಕರೆಯತೊಡಗಿದರು.

ಚಿಕ್ಕ ಮಕ್ಕಳ ಲೆಕ್ಕಾಚಾರ ಬೇರೆ. ಗೋಡೆಯ ಮೇಲೆ ಮದರ್ ಇದ್ದಾರೆ, ಅವರ ತಲೆಯಿಂದ ಮಾತು ಬರುತ್ತಿದೆ, ಅಂದ ಮೇಲೆ ಮಾತಾಡುತ್ತಿರುವುದು ಮದರ್ ಅಲ್ಲದೆ ಮತ್ತೆ ಯಾರು? ಡಬ್ಬದೊಳಗಿನ ಅಮ್ಮ ಡಬ್ಬದಮ್ಮ ಆದಳು. ಬೆಳಿಗ್ಗೆ ಡಬ್ಬ "ಎಲ್ಲರಿಗೂ ನಮಸ್ಕಾರ" ಅಂದರೆ ಮಕ್ಕಳು ಫೋಟೋಗೆ ಕೈ ಮುಗಿಯುತ್ತಿದ್ದರು. ಡಬ್ಬ ಬೈದರೆ ಫೋಟೋದ ಕಣ್ಣು ತಪ್ಪಿಸುತ್ತಿದ್ದರು. ದೊಡ್ಡ ತರಗತಿಗೆ ಬರುವಷ್ಟರಲ್ಲಿ ಗುಟ್ಟು ಗೊತ್ತಾಗುತ್ತಿತ್ತು, ಆದರೆ ಚಿಕ್ಕವರಿಗೆ ಅದನ್ನು ಹೇಳಬಾರದು ಎಂಬುದು ಆ ಶಾಲೆಯ ಅಲಿಖಿತ ಕಾನೂನು. ಶಿಸ್ತಿನ ಬೇರೆ ಕಾನೂನುಗಳನ್ನೆಲ್ಲ ಗಾಳಿಗೆ ತೂರಿದ ಪುಂಡರೂ ಇದೊಂದನ್ನು ಪಾಲಿಸಿಕೊಂಡು ಬಂದರು. ಟೀಚರುಗಳೂ ಬಾಯಿ ಬಿಡಲಿಲ್ಲ, ಮದರ್ ನೋಡುತ್ತಿದ್ದಾರೆ ಅಂದರೆ ಅರ್ಧ ಕೆಲಸ ತಾನೇ ಆಗುತ್ತಿತ್ತಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳು ಕಾಯುತ್ತಿದ್ದದ್ದು ಹುಟ್ಟುಹಬ್ಬಕ್ಕೆ. ಪ್ರಾರ್ಥನೆ ಮುಗಿದ ಮೇಲೆ ಅವತ್ತು ಹುಟ್ಟಿದವರ ಹೆಸರನ್ನು ಮೈಕಕ್ಕ ಒಂದೊಂದಾಗಿ ಹೇಳುತ್ತಿದ್ದಳು. ಅವಸರವಿಲ್ಲ. ಹೆಸರು ಹೇಳಿ, ಒಂದು ಗಳಿಗೆ ನಿಂತು, "ಚೆನ್ನಾಗಿರು" ಎನ್ನುತ್ತಿದ್ದಳು. ಆ ಒಂದು ಗಳಿಗೆಯಲ್ಲಿ ತರಗತಿಯ ಕಣ್ಣುಗಳೆಲ್ಲ ಆ ಮಗುವಿನ ಕಡೆ ತಿರುಗುತ್ತಿದ್ದವು. ವರ್ಷಪೂರ್ತಿ ಯಾರ ಕಣ್ಣಿಗೂ ಬೀಳದ ಮಗುವೂ ಅವತ್ತು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿತ್ತು.

ಇನ್ನು ಮನೆಯ ಕಡೆ. ಗಂಡ ಸಿಟಿ ಬಸ್ಸಿನ ಕಂಡಕ್ಟರು. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗಿ ಕೂಗಿ, ಮನೆಗೆ ಬಂದರೆ ಬಾಯಿಗೆ ಬೀಗ. ಹೆಂಡತಿಯ ಮಾತೂ ಮೈಕಿಗೇ ಖರ್ಚಾಗಿ ಮನೆಗೆ ಉಳಿಯುತ್ತಿದ್ದದ್ದು ಚೂರುಪಾರು. ಕಿವಿ ಮಂದವಾಗಿದ್ದ ಅತ್ತೆ, "ಇವರಿಬ್ಬರ ಮನೇಲಿ ನನ್ನ ಕಿವಿ ಹಾಳಾದ್ರೂ ನಷ್ಟ ಏನಿಲ್ಲ ಬಿಡು" ಎಂದು ನೆರೆಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಹೀಗೆ ಸುಖವಾಗಿ ನಡೆದುಕೊಂಡು ಹೋಗುತ್ತಿದ್ದಾಗ ಮೈಕಕ್ಕನ ಗಂಟಲು ಕೈ ಕೊಟ್ಟಿತು. ಮೊದಲು ಸಂಜೆ ಹೊತ್ತು ದನಿ ಒಡೆಯುತ್ತಿತ್ತು, ಆಮೇಲೆ ಬೆಳಗಿನ ಪ್ರಾರ್ಥನೆಯ ನಡುವೆಯೇ ಕೈ ಕೊಡತೊಡಗಿತು. ಗಂಟಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ದನಿತಂತಿಯ ಮೇಲೆ ಸಣ್ಣ ಗಂಟಾಗಿದೆ, ಭಯಪಡುವಂಥದ್ದಲ್ಲ, ಆದರೆ ತೆಗೆಯಲೇಬೇಕು ಎಂದರು.

"ಮೊದಲಿನ ದನಿ ಬರುತ್ತಾ ಡಾಕ್ಟ್ರೇ?" ಎಂದಳು ಮೈಕಕ್ಕ.

"ದನಿ ಬರುತ್ತೆ. ಮೊದಲಿನದೇ ಅಂತ ನಾನು ಹೇಳಲ್ಲ."

ಆಪರೇಷನ್ ಸಲೀಸಾಗಿ ಆಯಿತು. ಆಮೇಲೆ ಕೆಲವು ವಾರ ಒಂದಕ್ಷರವೂ ಆಡಕೂಡದು, ಪಿಸುಮಾತಂತೂ ಇನ್ನೂ ಕೆಟ್ಟದ್ದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮನೆಯಲ್ಲಿ ಕೂತು ತಲೆ ಚಿಟ್ಟುಹಿಡಿದು, ಮಾತಾಡದಿದ್ದರೇನು ಬೇರೆ ಕೆಲಸ ಮಾಡಬಹುದಲ್ಲ ಎಂದು ಅವಳು ಬೇಗನೇ ಆಫೀಸಿಗೆ ಬಂದಳು. ಬಂದವಳು ಕಾರಿಡಾರಿನಲ್ಲಿ ಹೋಗುತ್ತ ಎರಡನೇ ತರಗತಿಯ ಕೋಣೆಗೆ ಇಣುಕಿದರೆ, ಮದರ್ ಫೋಟೋದ ಸುತ್ತ ಒಂದು ಮಫ್ಲರು. ಫೋಟೋದ ಕೆಳಗಿನ ಗೋಡೆಗೂಡಿನಲ್ಲಿ ಶೀತದ ಮಾತ್ರೆ, ಕೆಮ್ಮಿನ ಪೆಪ್ಪರಮೆಂಟು, ಬಿಸಿನೀರಿನ ಒಂದು ಪುಟ್ಟ ಫ್ಲಾಸ್ಕು. ಡಬ್ಬದಮ್ಮ ಮಾತಾಡುತ್ತಿಲ್ಲ ಅಂದರೆ ಮದರಿಗೆ ಹುಷಾರಿಲ್ಲ ಎಂದೇ ಅರ್ಥ. ಮಕ್ಕಳು ಸಾಲಾಗಿ ನಿಂತು ಕಣ್ಣು ಮುಚ್ಚಿ, "ದೇವರೇ, ನಮ್ಮ ಮದರ್ ಗಂಟಲು ಬೇಗ ವಾಸಿ ಮಾಡು" ಎಂದು ಪ್ರಾರ್ಥಿಸುತ್ತಿದ್ದವು.

ಮೈಕಕ್ಕ ಬಾಗಿಲಲ್ಲಿ ನಿಂತು ನಕ್ಕಳು, ನಗುತ್ತಲೇ ಅತ್ತಳು, ಎರಡನ್ನೂ ಸದ್ದಿಲ್ಲದೆ ಮಾಡಬೇಕಾಗಿತ್ತು. ಒಬ್ಬ ಹುಡುಗ ಕಣ್ಣು ಬಿಟ್ಟು ಅವಳನ್ನು ನೋಡಿ, ಪಕ್ಕಕ್ಕೆ ಸರಿದು, "ಬನ್ನಿ ಆಂಟಿ, ನೀವೂ ಪ್ರಾರ್ಥನೆ ಮಾಡಿ" ಎಂದು ಜಾಗ ಕೊಟ್ಟ. ಅವಳು ಮಕ್ಕಳ ಸಾಲಿನಲ್ಲಿ ನಿಂತು ತನ್ನದೇ ಗಂಟಲಿಗಾಗಿ ಕೈ ಜೋಡಿಸಿದಳು. ಹೋಗುವಾಗ ಗೋಡೆಗೂಡಿನಿಂದ ಒಂದು ಪೆಪ್ಪರಮೆಂಟು ಎತ್ತಿಕೊಂಡಳು. ತನಗಾಗಿಯೇ ಇಟ್ಟದ್ದಲ್ಲವೇ ಎಂದು ಸಮಾಧಾನ ಮಾಡಿಕೊಂಡಳು.

ಡ್ರಿಲ್ ಮಾಸ್ತರರು ಅಷ್ಟು ದಿನ ಮೈಕು ಹಿಡಿದಿದ್ದರು. ಶಿಶುವಿಹಾರದಿಂದ ಅಳುವಿನ ದೂರುಗಳು ಬಂದವು. ಆಗ ಕಂಪ್ಯೂಟರ್ ಮಾಸ್ತರರಿಗೆ ಒಂದು ಉಪಾಯ ಹೊಳೆಯಿತು. ಈತ ಚಿಕ್ಕ ವಯಸ್ಸಿನವನು, ಸಂಕೋಚದ ಸ್ವಭಾವ, ಮನಸ್ಸು ಬಂಗಾರ. ನನ್ನ ಮಗಳ ಹೆಸರು ಓದಲಿಲ್ಲ ಎಂದು ಹಿಂದೊಮ್ಮೆ ಯಾರೋ ಪೋಷಕರು ಜಗಳ ತೆಗೆದಿದ್ದರಿಂದ, ಕೆಲವು ವರ್ಷಗಳಿಂದ ಬೆಳಗಿನ ಮೈಕಿನ ಮಾತನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಡುವ ಪದ್ಧತಿ ಇತ್ತು. ಆತ ಹಗಲೆಲ್ಲ ಕೂತು ಅದನ್ನು ಬಿಡಿಬಿಡಿಯಾಗಿ ಕತ್ತರಿಸಿದ. ಪ್ರಾರ್ಥನೆ ಒಂದು ಕಡೆ, "ಸಾಲಾಗಿ ನಿಲ್ಲಿ" ಒಂದು ಕಡೆ, ಹೆಸರುಗಳದ್ದೇ ಒಂದು ರಾಶಿ. ಬೇಕಾದ್ದನ್ನು ಬೇಕಾದ ಕಡೆ ಜೋಡಿಸಿ ಒಂದು ಗುಂಡಿ ಒತ್ತಿದರೆ ಸಾಕು, ಡಬ್ಬದಮ್ಮ ಹಾಜರ್.

ಮೊದಲ ದಿನ ಡಬ್ಬದಿಂದ ಹಳೆಯ ದನಿ ಬಂದಾಗ ಮಕ್ಕಳು ಕುಣಿದಾಡಿದವು. ಎರಡನೇ ತರಗತಿಯವರು ಮಫ್ಲರು ಬಿಚ್ಚಿ ವಾಪಸ್ ಕೊಟ್ಟರು. ಕಂಪ್ಯೂಟರ್ ಮಾಸ್ತರ್ ಕಣ್ಣರಳಿಸಿಕೊಂಡು ಮೈಕಕ್ಕನ ಮುಖವನ್ನೇ ನೋಡುತ್ತಿದ್ದ. ಅವಳು ಅವನ ಭುಜ ತಟ್ಟಿದಳು. ಆ ಉಡುಗೊರೆಯ ಹಿಂದಿನ ಪ್ರೀತಿ ಅವಳಿಗೆ ಅರ್ಥವಾಗಿತ್ತು, ಅದಕ್ಕೇ ಮನಸ್ಸಿಗೆ ಬಂದದ್ದನ್ನು ತೋರಗೊಡಲಿಲ್ಲ. ತಾನು ಇಲ್ಲಿ ಮೂಕಿಯಾಗಿ ನಿಂತಿದ್ದೇನೆ, ತನ್ನ ದನಿ ತನ್ನನ್ನು ಬಿಟ್ಟು ಕೆಲಸಕ್ಕೆ ಹಾಜರಾಗಿದೆ. ಯಾರಿಗೂ ಏನೂ ಕಮ್ಮಿಯಾಗಿಲ್ಲ.

ಯಂತ್ರದ ಎಡವಟ್ಟುಗಳೂ ಇದ್ದವು ಅನ್ನಿ. ಒಂದು ದಿನ ಧೋ ಎಂದು ಮಳೆ ಸುರಿಯುತ್ತಿರುವಾಗ ಡಬ್ಬದಮ್ಮ, "ಬಿಸಿಲು ಜೋರಾಗಿದೆ, ಎಲ್ಲರೂ ಟೋಪಿ ಹಾಕಿಕೊಂಡು ಮೈದಾನಕ್ಕೆ ಬನ್ನಿ" ಎಂದಳು. ಮದರ್ ಮಾತು ಮೀರುವುದುಂಟೇ? ಒಂದನೇ ತರಗತಿ ಟೋಪಿ ಹಾಕಿಕೊಂಡು ಹೊರಟೇಬಿಟ್ಟಿತು. ಟೀಚರು ಬಾಗಿಲಿಗೆ ಅಡ್ಡ ಮಲಗುವುದೊಂದು ಬಾಕಿ.

ಡಾಕ್ಟರು ಕೊಟ್ಟ ಗಡುವು ಮುಗಿಯಿತು. ಮನೆಯ ಅಡುಗೆಮನೆಯಲ್ಲಿ, ನಲ್ಲಿ ತಿರುಗಿಸಿ ನೀರಿನ ಸದ್ದಿನ ಮರೆಯಲ್ಲಿ, ಮೈಕಕ್ಕ ಮೊದಲ ಮಾತು ಆಡಿದಳು. ಹೊರಬಂದದ್ದು ತನ್ನ ದನಿ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ದಪ್ಪಗೆ, ಒರಟಾಗಿ, ಹಳೆ ಬಾಗಿಲು ಎಳೆದ ಹಾಗಿತ್ತು. ದಿನ ಕಳೆದಂತೆ ಸರಿಹೋಗಬಹುದು ಎಂದು ಕಾದಳು. ಡಾಕ್ಟರು ಮತ್ತೊಮ್ಮೆ ನೋಡಿ, ಗಂಟಲು ಪೂರ್ತಿ ವಾಸಿಯಾಗಿದೆ, ಇನ್ನು ಇದೇ ನಿಮ್ಮ ದನಿ ಎಂದರು.

ಅವತ್ತಿನಿಂದ ಮೈಕಕ್ಕ ಒಂದು ಸುಳ್ಳಿಗೆ ಬಿದ್ದಳು. ಶಾಲೆಯಲ್ಲಿ ಮಾತು ಬಂದೇ ಇಲ್ಲ ಎಂಬಂತೆ ಇದ್ದುಬಿಟ್ಟಳು. ಕೇಳಿದ್ದಕ್ಕೆ ತಲೆ ಆಡಿಸುವುದು, ಕೈ ಸನ್ನೆ ಮಾಡುವುದು. ವರ್ಗವಾಗಿ ಬಂದಿದ್ದ ಹೊಸ ಫಾದರ್ ಒಳ್ಳೆಯವರು. "ಆರಾಮಾಗಿ ರೆಸ್ಟ್ ತಗೊಳ್ಳಿ ಅಕ್ಕ, ಹೇಗಿದ್ರೂ ಮೆಷಿನ್ ಇದೆಯಲ್ಲ" ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು ಚುಚ್ಚಿದಷ್ಟು ಬೈಗುಳವೂ ಚುಚ್ಚುವುದಿಲ್ಲ.

ಗಂಡನಿಗೆ ಮಾತ್ರ ನಿಜ ಗೊತ್ತಿತ್ತು. ಒಂದು ಭಾನುವಾರ ಚಹಾ ಕುಡಿಯುತ್ತ ಆತ ಅಪರೂಪಕ್ಕೆ ಬಾಯಿ ಬಿಟ್ಟ. "ಎಷ್ಟು ದಿನ ಅಂತ ಹಿಂಗೆ ಇರ್ತೀಯ?"

"ಈ ದನಿ ಇಟ್ಕೊಂಡು ಮೈಕ್ ಮುಂದೆ ಕೂರ್ಲಾ? ಮಕ್ಕಳು ಹೆದರ್ಕೊಳ್ತವೆ."

"ನನಗೇನೂ ಹೆದರಿಕೆ ಆಗ್ತಿಲ್ಲ."

"ನೀವು ದಿನಾ ಬಸ್ಸಿನ ಬ್ರೇಕ್ ಕೇಳೋರು."

ಆತ ನಕ್ಕ. ಆಮೇಲೆ ಲೋಟ ಕೆಳಗಿಟ್ಟು, "ಆ ಮೆಷಿನ್ ಹಳೇ ಮಾತೇ ಆಡುತ್ತೆ ಕಣೇ, ಇವತ್ತಿನ ಮಾತು ಅದಕ್ಕೇನು ಗೊತ್ತು" ಎಂದ. ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಮಾತು ಸರಿಯಿದ್ದದ್ದಕ್ಕೆ.

ಆ ವರ್ಷ ನಡುವೆ ಒಂದು ಹುಡುಗಿ ಒಂದನೇ ತರಗತಿಗೆ ಸೇರಿದ್ದಳು. ಅಪ್ಪ ಮೇಲ್ಸೇತುವೆಯ ಎರಡನೇ ಹಂತದ ಕೆಲಸಕ್ಕೆ ಬಂದ ಕ್ರೇನ್ ಚಾಲಕ. ವರ್ಷಕ್ಕೊಂದು ಊರು, ಊರಿಗೊಂದು ಶಾಲೆ. ಅವಳ ಹೆಸರು ಅಜ್ಜಿ ಕಡೆಯ ಯಾವುದೋ ಹಳೆಯ ಹೆಸರು, ಶಾಲೆ ಹುಟ್ಟಿದಾಗಿನಿಂದ ಅಲ್ಲಿ ಯಾರಿಗೂ ಇರದಿದ್ದ ಹೆಸರು. ಅವಳ ಹುಟ್ಟುಹಬ್ಬದ ಬೆಳಿಗ್ಗೆ ಕಂಪ್ಯೂಟರ್ ಮಾಸ್ತರ್ ರಾಶಿಯನ್ನೆಲ್ಲ ತಡಕಾಡಿದ. ಸಿಗಲಿಲ್ಲ. ಹೆಸರನ್ನು ತುಂಡುತುಂಡಾಗಿ ಅಂಟಿಸಿ ನೋಡಿದ, ಬಿಕ್ಕಳಿಕೆ ಬಂದವರು ಮಾತಾಡಿದ ಹಾಗೆ ಕೇಳಿಸಿತು. ಕೊನೆಗೆ ಕೈಚೆಲ್ಲಿ, ತರಗತಿಯಲ್ಲೇ ಶುಭಾಶಯ ಹೇಳಿಬಿಡಿ ಎಂದು ಟೀಚರಿಗೆ ಹೇಳಿ ಕಳಿಸಿದ.

ಪ್ರಾರ್ಥನೆ ಮುಗಿಯಿತು. ಡಬ್ಬದಮ್ಮ ಬೇರೆ ಇಬ್ಬರ ಹೆಸರು ಹೇಳಿದಳು, ಚೆನ್ನಾಗಿರು ಎಂದಳು, ಅಲ್ಲಿಗೇ ನಿಲ್ಲಿಸಿದಳು. ಟೀಚರು ಚಪ್ಪಾಳೆ ಹೊಡೆಸಿದರು, ಹಾಡು ಹೇಳಿಸಿದರು. ಹುಡುಗಿ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ.

ಬಿಡುವಿನಲ್ಲಿ ಮೈಕಕ್ಕ ಹಾಜರಿ ಪುಸ್ತಕಗಳನ್ನು ಕೊಡಲು ಒಂದನೇ ತರಗತಿಗೆ ಹೋದಳು. ಕೋಣೆ ಖಾಲಿ. ಹೊಸ ಫ್ರಾಕು ಹಾಕಿದ ಆ ಹುಡುಗಿ ಒಬ್ಬಳೇ ಫೋಟೋದ ಕೆಳಗೆ ನಿಂತಿದ್ದಳು. ಅಳುತ್ತಿರಲಿಲ್ಲ. ಶಾಂತವಾಗಿ, ದೊಡ್ಡವರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದಳು.

"ನಾನು ಹೊಸಬಳು ಅಂತ ನಿಮಗೆ ಹೆಸರು ಗೊತ್ತಿಲ್ಲ ಅಲ್ವಾ? ಪರವಾಗಿಲ್ಲ. ಮುಂದಿನ ಸಲ ಹೇಳಿ ಅನ್ನೋಣ ಅಂದ್ರೆ, ಮುಂದಿನ ಸಲ ನಾವು ಬೇರೆ ಊರಲ್ಲಿ ಇರ್ತೀವಿ."

ಆಮೇಲೆ ತನ್ನ ಹೆಸರನ್ನು, ಮದರಿಗೆ ನೆನಪಿರಲಿ ಎಂದು, ಬಿಡಿಸಿ ಬಿಡಿಸಿ ಎರಡು ಸಲ ಹೇಳಿದಳು.

ಮೈಕಕ್ಕ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಕಾರಿಡಾರು ದಾಟುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ದನಿ ಚೆನ್ನಾಗಿಲ್ಲ ಎಂಬ ಒಣ ಬಿಗುಮಾನಕ್ಕೆ ಬಾಯಿ ಹೊಲಿದುಕೊಂಡು ಕೂತಿದ್ದೇನಲ್ಲ, ಆ ಮಗು ಇಲ್ಲಿಂದ ಹೆಸರಿಲ್ಲದವಳಾಗಿ ಹೋಗಬೇಕೇ ಎಂದುಕೊಂಡಳು. ಗೂಡಿನೊಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಬಾಗಿಲಲ್ಲಿ ನಿಂತ ಕಂಪ್ಯೂಟರ್ ಮಾಸ್ತರ್ ಬೆರಗಾಗಿ ನೋಡುತ್ತಿರುವಾಗಲೇ ಮೈಕಿನ ಗುಂಡಿ ಒತ್ತಿದಳು.

ಬಿಡುವು ಮುಗಿದು ಮಕ್ಕಳು ಒಳಗೆ ಬರುತ್ತಿದ್ದ ಹೊತ್ತು. ಡಬ್ಬಗಳು ಕರಕರ ಅಂದವು. ಆಮೇಲೆ ಯಾರೂ ಕೇಳಿರದ ಒಂದು ದಪ್ಪ ದನಿ ಬಂತು. "ಬೆಳಿಗ್ಗೆ ಒಂದು ಹೆಸರು ಬಿಟ್ಟುಹೋಗಿತ್ತು. ತಪ್ಪಾಯ್ತು."

ಆ ದನಿ ಹೆಸರು ಹೇಳಿತು. ಪೂರ್ತಿ ಹೆಸರು, ಒಂದಕ್ಷರವೂ ನುಂಗದೆ. ಒಂದು ಗಳಿಗೆ ನಿಂತು, "ಚೆನ್ನಾಗಿರು ಮಗಳೇ" ಎಂದಿತು. ನಡುವೆ ಒಮ್ಮೆ ಒಡೆಯಿತು, ಅವಳು ಅದನ್ನು ಮುಚ್ಚಿಡಲು ಹೋಗಲಿಲ್ಲ.

ಶಾಲೆಯಲ್ಲಿ ಗುಜುಗುಜು ಎದ್ದಿತು. ಯಾರಪ್ಪ ಇದು, ಮದರ್ ಅಲ್ಲ, ಡ್ರಿಲ್ ಮಾಸ್ತರೂ ಅಲ್ಲ. ಫಾದರ್ ತಮ್ಮ ಕೋಣೆಯಿಂದ ಹೊರಬಂದು ಮಬ್ಬು ಗಾಜಿನ ಮುಂದೆ ನಿಂತರು, ಒಳಗಿನ ನೆರಳನ್ನು ನೋಡಿ ವಾಪಸ್ ಹೋದರು. ಮೈಕಕ್ಕ ಬೆವರು ಒರೆಸಿಕೊಂಡು ಕೂತಿದ್ದಳು. ಮಕ್ಕಳು ಹೆದರಿರಬಹುದು, ನಾಳೆಯಿಂದ ಮತ್ತೆ ಮೆಷಿನ್ನೇ ಗತಿ ಎಂದು ಅವಳ ಮನಸ್ಸು ಹೇಳುತ್ತಲೇ ಇತ್ತು.

ಸಂಜೆ ಶಾಲೆ ಬಿಟ್ಟಾಗ ಮನೆಗೆ ಹೊರಟವಳು ಗೇಟಿನ ಜನಜಂಗುಳಿಯಲ್ಲಿ ಸಿಕ್ಕಿಕೊಂಡಳು. ಅಲ್ಲೇ ಮುಂದೆ ಹೊಸ ಫ್ರಾಕಿನ ಹುಡುಗಿ ಅಮ್ಮನ ಕೈ ಜಗ್ಗುತ್ತಿದ್ದಳು.

"ಎಲ್ರ ಹೆಸರೂ ಆ ಫೋಟೋದಮ್ಮ ಹೇಳೋದು. ನನ್ನ ಹೆಸರು ಹೇಳೋಕೆ ಬೇರೆ ಒಬ್ರು ಬಂದಿದ್ರು ಅಮ್ಮ. ನನಗೆ ಅಂತಲೇ ಬಂದಿದ್ರು."

"ಯಾರು ಬಂದಿದ್ರು?"

"ಗೊತ್ತಿಲ್ಲ. ಅವರ ದನಿ ದೊಡ್ಡ ಲಾರಿ ಥರ ಇದೆ. ತುಂಬಾ ಚೆನ್ನಾಗಿದೆ."

ಕ್ರೇನ್ ಚಾಲಕನ ಮಗಳಿಗೆ ಲಾರಿಗಿಂತ ಚೆಂದದ್ದು ಈ ಲೋಕದಲ್ಲಿ ಏನಿದೆ? ಜನರ ಸಾಲು ಮುಂದೆ ಸರಿಯಲಿಲ್ಲ. ದಾರಿ ಬಿಡಿಸಿಕೊಳ್ಳಲು ಮೈಕಕ್ಕ ಬಾಯಿ ತೆರೆದಳು.

"ಸ್ವಲ್ಪ ಜಾಗ ಬಿಡಮ್ಮ."

ಹುಡುಗಿ ಗಕ್ಕನೆ ತಿರುಗಿದಳು. ಈ ಶಾಲೆಯಲ್ಲಿ ಎಷ್ಟೋ ಮಕ್ಕಳು ಮೈಕಕ್ಕನ ಪಕ್ಕದಲ್ಲೇ ಹಾದುಹೋಗಿದ್ದರು, ಅವಳು ದಾರಿ ಕೇಳಿದಾಗ ದಾರಿ ಬಿಟ್ಟಿದ್ದರು, ಒಬ್ಬರೂ ಒಂದು ದಿನವೂ ಹೀಗೆ ತಿರುಗಿ ನೋಡಿರಲಿಲ್ಲ. ಹುಡುಗಿ ತಲೆ ಎತ್ತಿ ಅವಳ ಮುಖವನ್ನು ಪೂರ್ತಿ ನೋಡಿದಳು.

"ಓ, ನೀವೇನಾ?" ಎಂದಳು.

"ಹೂಂ, ನಾನೇ" ಎಂದಳು ಮೈಕಕ್ಕ.